ಅಳತೆಗೋಲನ್ನು ಅಳೆಯುವವರು ಯಾರು?

ಮಕ್ಕಳೇ, ನಿಮ್ಮ ಜಾಮಿಟ್ರಿ ಪೆಟ್ಟಿಗೆಯಿಂದ ಸ್ಕೇಲನ್ನು ಹೊರಗೆ ತೆಗೆಯಿರಿ. ಒಂದು ಬಿಳಿ ಹಾಳೆಯ ಮೇಲೆ ಸರಿಯಾಗಿ 15 ಸೆಂ.ಮೀ. ಉದ್ದದ ಗೆರೆ ಎಳೆಯಿರಿ. ಪೆನ್ಸಿಲ್ ಚೂಪಾಗಿರಲಿ. ಈಗ ಅದೇ ಗೆರೆಯನ್ನು ನಿಮ್ಮ ನಾಲ್ಕು ಮಂದಿ ಗೆಳೆಯರ ಸ್ಕೇಲುಗಳಿಂದ ಒಂದೊಂದಾಗಿ ಅಳೆದು ನೋಡಿ.

ಎಲ್ಲ ಸ್ಕೇಲುಗಳೂ 15 ಸೆಂ.ಮೀ. ಎಂದೇ ಹೇಳಿದವೇ? ಹಾಗಾಗದಿರಬಹುದು. ಒಂದರಲ್ಲಿ ಗೆರೆ ಅರ್ಧ ಮಿಲಿಮೀಟರ್ ಹೆಚ್ಚು, ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಎಂದು ಕಾಣಬಹುದು. ಗೆರೆ ಒಂದೇ, ಅಳತೆ ಮಾತ್ರ ಬೇರೆ ಬೇರೆ. ಹಾಗಾದರೆ ಯಾರ ಸ್ಕೇಲು ಸರಿ?

"ಐದರಲ್ಲಿ ಮೂರು ಸ್ಕೇಲು ಒಂದೇ ಉತ್ತರ ಕೊಟ್ಟವು, ಆದ್ದರಿಂದ ಅವೇ ಸರಿ" ಎಂದು ನೀವು ಹೇಳಬಹುದು. ಆದರೆ ಆ ಮೂರೂ ಒಂದೇ ಅಚ್ಚಿನಲ್ಲಿ ತಯಾರಾದ ಸ್ಕೇಲುಗಳಾಗಿದ್ದರೆ? ಅಚ್ಚೇ ತಪ್ಪಾಗಿದ್ದರೆ ಮೂರೂ ಒಟ್ಟಿಗೇ ತಪ್ಪು ಹೇಳುತ್ತವೆ. ಅಳತೆಯ ವಿಷಯದಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಲು ಬರುವುದಿಲ್ಲ. ಅಳತೆಗೋಲನ್ನೂ ಅಳೆಯಬೇಕಾಗುತ್ತದೆ. ಅದನ್ನು ಅಳೆಯುವುದು ಹೇಗೆ, ಯಾವುದರಿಂದ, ಯಾರು ಹೇಳಿದ ಕ್ರಮದಲ್ಲಿ? ಈ ಲೇಖನದಲ್ಲಿ ಅದನ್ನೇ ತಿಳಿಯೋಣ.

ಸಣ್ಣ ತಪ್ಪು, ದೊಡ್ಡ ಪೆಟ್ಟು

"ಅರ್ಧ ಮಿಲಿಮೀಟರ್ ತಾನೆ, ಅದರಿಂದೇನಾಗುತ್ತದೆ?" ಎಂದು ಕೇಳುವಿರಾ? ಹಾಗಿದ್ದರೆ ಹಬಲ್ ದೂರದರ್ಶಕದ ಕಥೆ ಕೇಳಿ.

1990ರ ಏಪ್ರಿಲ್ 24ರಂದು ಅಮೆರಿಕದ ನಾಸಾ ಸಂಸ್ಥೆ ಈ ದೊಡ್ಡ ದೂರದರ್ಶಕವನ್ನು ಆಕಾಶಕ್ಕೆ ಕಳುಹಿಸಿತು. ಅದರ ಮುಖ್ಯ ಕನ್ನಡಿಯ ಅಡ್ಡಳತೆ 2.4 ಮೀಟರ್. ಬಹಳ ದೂರದ ನಕ್ಷತ್ರಗಳನ್ನು ಸ್ಪಷ್ಟವಾಗಿ ನೋಡಬಹುದೆಂದು ವಿಜ್ಞಾನಿಗಳು ಕಾದು ಕುಳಿತಿದ್ದರು. ಆದರೆ ಬಂದ ಚಿತ್ರಗಳು ಮಸುಕಾಗಿದ್ದವು.

ತನಿಖೆ ನಡೆಯಿತು. ಕನ್ನಡಿಯನ್ನು ಅತ್ಯಂತ ನುಣುಪಾಗಿ ಉಜ್ಜಲಾಗಿತ್ತು. ಆದರೆ ಅದರ ಆಕಾರ ತಪ್ಪಾಗಿತ್ತು! ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು 2 ಮೈಕ್ರೊಮೀಟರ್ ಚಪ್ಪಟೆಯಾಗಿತ್ತು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ಮೈಕ್ರೊಮೀಟರ್. ನಿಮ್ಮ ತಲೆಗೂದಲಿನ ದಪ್ಪವೇ ಹಲವು ಹತ್ತು ಮೈಕ್ರೊಮೀಟರುಗಳಷ್ಟಿರುತ್ತದೆ.

ಇಷ್ಟು ಎಚ್ಚರ ವಹಿಸಿದರೂ ತಪ್ಪಾದದ್ದೇಕೆ? ಕನ್ನಡಿಯ ಆಕಾರ ಸರಿಯಿದೆಯೇ ಎಂದು ನೋಡಲು ಒಂದು ವಿಶೇಷ ಉಪಕರಣವನ್ನು ಬಳಸಿದ್ದರು. ಆ ಉಪಕರಣದ ಒಳಗಿನ ಒಂದು ಮಸೂರವನ್ನು ಜೋಡಿಸುವಾಗ ಅದು ತನ್ನ ಜಾಗದಿಂದ 1.3 ಮಿಲಿಮೀಟರ್ ಸರಿದಿತ್ತು. ಅಳೆಯುವ ಉಪಕರಣವೇ ತಪ್ಪು ಹೇಳಿತು. ಕೆಲಸಗಾರರು ಆ ತಪ್ಪನ್ನು ನಂಬಿ, ಬಹಳ ಜಾಣ್ಮೆಯಿಂದ ತಪ್ಪು ಆಕಾರದ ಕನ್ನಡಿಯನ್ನೇ ತಯಾರಿಸಿದರು!

ಇನ್ನೂ ಬೇಸರದ ಸಂಗತಿಯೆಂದರೆ, ಬೇರೆ ಎರಡು ಪರೀಕ್ಷೆಗಳು "ಏನೋ ತಪ್ಪಿದೆ" ಎಂದು ಆಗಲೇ ತೋರಿಸಿದ್ದವು. "ಆ ಉಪಕರಣಗಳು ಇದರಷ್ಟು ನಿಖರವಲ್ಲ" ಎಂದು ಅವುಗಳ ಮಾತನ್ನು ಬದಿಗಿಡಲಾಯಿತು. ಕೊನೆಗೆ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹಬಲ್ ಇದ್ದಲ್ಲಿಗೇ ಹೋಗಿ, ದೋಷವನ್ನು ಸರಿದೂಗಿಸುವ ಸಾಧನಗಳನ್ನು ಜೋಡಿಸಿ ಬಂದರು. ಒಂದು ರೀತಿಯಲ್ಲಿ ಹಬಲ್‌ಗೆ ಕನ್ನಡಕ ಹಾಕಿದಂತಾಯಿತು.

ನಮ್ಮ ಹೊಲದ ಪಂಪ್‌ಸೆಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಪಂಪಿನ ಬೇರಿಂಗ್ ಸವೆದರೆ ಏನು ಮಾಡುತ್ತಾರೆ? ಅದರ ಮೇಲಿನ ಸಂಖ್ಯೆ ನೋಡಿಕೊಂಡು ಪೇಟೆಯಿಂದ ಹೊಸದನ್ನು ತರುತ್ತಾರೆ. 6205 ಎಂಬ ಸಂಖ್ಯೆಯ ಬೇರಿಂಗಿನ ಒಳರಂಧ್ರದ ವ್ಯಾಸ 25 ಮಿ.ಮೀ. ಬೇರಿಂಗ್ ತಯಾರಾದದ್ದು ಒಂದು ಊರಿನಲ್ಲಿ. ಅದು ಕೂರಬೇಕಾದ ದಂಡ, ಅಂದರೆ ಶಾಫ್ಟ್, ತಯಾರಾದದ್ದು ಇನ್ನೊಂದು ಊರಿನಲ್ಲಿ. ಇಬ್ಬರು ತಯಾರಕರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಆದರೂ ಎರಡೂ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಶಾಫ್ಟು ಕೆಲವೇ ನೂರರ ಒಂದಂಶ ಮಿಲಿಮೀಟರಿನಷ್ಟು ದಪ್ಪವಾದರೆ ಬೇರಿಂಗ್ ಒಳಗೆ ಹೋಗದು. ಅಷ್ಟೇ ತೆಳುವಾದರೆ ಸಡಿಲವಾಗಿ ತಿರುಗಿ ಬೇಗ ಸವೆಯುತ್ತದೆ. ಇಬ್ಬರ 25 ಮಿ.ಮೀ. ಒಂದೇ ಆಗಿದ್ದರೆ ಮಾತ್ರ ಪೈರಿಗೆ ನೀರು ಹರಿಯುತ್ತದೆ!

ಕ್ಯಾಲಿಬ್ರೇಷನ್ ಎಂದರೇನು?

ಒಂದು ಅಳತೆಯ ಸಾಧನವನ್ನು ಅದಕ್ಕಿಂತ ಹೆಚ್ಚು ನಿಖರವಾದ, ನಂಬಬಹುದಾದ ಇನ್ನೊಂದರೊಂದಿಗೆ ಹೋಲಿಸಿ, ಅದು ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ತೋರಿಸುತ್ತದೆ ಎಂದು ಕಂಡುಹಿಡಿದು ಬರೆದಿಡುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಅಂಶಾಂಕನ ಎಂಬ ಹೆಸರೂ ಇದೆ.

ಒಂದು ವಿಷಯ ಗಮನಿಸಿ. ಕ್ಯಾಲಿಬ್ರೇಷನ್ ಎಂದರೆ ರಿಪೇರಿಯಲ್ಲ. ನಿಮ್ಮ ಶಾಲೆಯ ಗೋಡೆ ಗಡಿಯಾರ 5 ನಿಮಿಷ ಮುಂದೆ ಇದೆ ಎಂದುಕೊಳ್ಳಿ. ಆ ವಿಷಯ ಗೊತ್ತಿದ್ದರೆ ನೀವು 5 ನಿಮಿಷ ಕಳೆದು ಸರಿಯಾದ ಸಮಯ ಹೇಳಬಲ್ಲಿರಿ. ಗೊತ್ತಿಲ್ಲದಿದ್ದರೆ ಮಾತ್ರ ತೊಂದರೆ. ಹಾಗೆಯೇ, ತಪ್ಪು ಎಷ್ಟೆಂದು ತಿಳಿದಿರುವ ಸಾಧನವನ್ನು ಲೆಕ್ಕ ಹಾಕಿ ಬಳಸಬಹುದು. ತಪ್ಪು ಮಿತಿ ಮೀರಿದ್ದರೆ ಅದನ್ನು ಸರಿಪಡಿಸಬೇಕು ಅಥವಾ ಬಳಕೆಯಿಂದ ತೆಗೆಯಬೇಕು.

ಬೆಳಕಿನಿಂದ ಶುರುವಾಗುವ ಸರಪಳಿ

ನಿಮ್ಮ ಸ್ಕೇಲನ್ನು ಶಾಲೆಯ ಉಕ್ಕಿನ ಸ್ಕೇಲಿನೊಂದಿಗೆ ಹೋಲಿಸಿದಿರಿ ಎನ್ನೋಣ. ಆ ಉಕ್ಕಿನ ಸ್ಕೇಲು ಸರಿ ಎಂದು ಹೇಳುವವರು ಯಾರು? ಅದಕ್ಕಿಂತ ಉತ್ತಮವಾದ ಇನ್ನೊಂದು. ಅದು ಸರಿ ಎಂದು ಹೇಳುವವರು? ಮತ್ತೂ ಉತ್ತಮವಾದ ಮತ್ತೊಂದು. ಹೀಗೆ ಕೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲವೆ?

ಹಿಂದೆ ಅದು ಮನುಷ್ಯನ ಮೈಯಲ್ಲೇ ನಿಲ್ಲುತ್ತಿತ್ತು. ಗೇಣು, ಮೊಳ, ಮಾರು ಎಲ್ಲವೂ ಕೈಯ ಅಳತೆಗಳೇ. ಇಂದಿಗೂ ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಕೈ ಉದ್ದವಿರುವವರ ಮೊಳ ದೊಡ್ಡದು, ಗಿಡ್ಡವಿರುವವರ ಮೊಳ ಚಿಕ್ಕದು. ಕರ್ನಾಟಕದ ಹಳೆಯ ಶಾಸನಗಳಲ್ಲಿ ಹೊಲವನ್ನು ಅಳೆಯುವ 'ಗಳೆ' ಎಂಬ ಕೋಲಿನ ಮಾತು ಬರುತ್ತದೆ. ಆ ಗಳೆಗಳೂ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿದ್ದವು.

1791ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಎಲ್ಲರಿಗೂ ಒಂದೇ ಅಳತೆ ಇರಬೇಕೆಂದು ಮೀಟರನ್ನು ಆರಿಸಿದರು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಭಾಗವೇ ಒಂದು ಮೀಟರ್ ಎಂದರು. 1875ರ ಮೇ 20ರಂದು 17 ದೇಶಗಳು ಪ್ಯಾರಿಸ್ಸಿನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. 1889ರಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಒಂದು ದಂಡವನ್ನು ಇಡೀ ಜಗತ್ತಿನ ಮೀಟರ್ ಎಂದು ಒಪ್ಪಲಾಯಿತು. ಆದರೆ ಲೋಹದ ದಂಡ ಒಂದೇ ಕಡೆ ಇರುತ್ತದೆ. ಅದಕ್ಕೆ ಪೆಟ್ಟಾಗಬಹುದು, ಅದು ಕಳೆದೂ ಹೋಗಬಹುದು. ಆದ್ದರಿಂದ 1960ರಲ್ಲಿ ಕ್ರಿಪ್ಟಾನ್ ಅನಿಲ ಹೊರಸೂಸುವ ಬೆಳಕಿನ ಅಲೆಯುದ್ದದಿಂದ ಮೀಟರನ್ನು ಹೇಳಲಾಯಿತು. 1983ರಲ್ಲಿ ಇನ್ನೂ ಮುಂದೆ ಹೋಗಿ, ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಸಾಗುವ ದೂರವೇ ಒಂದು ಮೀಟರ್ ಎಂದು ನಿರ್ಧರಿಸಲಾಯಿತು. ಬೆಳಕು ಸವೆಯುವುದಿಲ್ಲ, ಬೀಗ ಹಾಕಿ ಇಡಬೇಕಾಗಿಯೂ ಇಲ್ಲ!

ನಮ್ಮ ದೇಶದಲ್ಲಿ ಈ ಮೀಟರನ್ನು ಕಾಪಾಡುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಇದನ್ನು ಎನ್‌ಪಿಎಲ್ ಎಂದೂ ಕರೆಯುತ್ತಾರೆ. ಅಲ್ಲಿ ಲೇಸರ್ ಬೆಳಕಿನ ಅಲೆಗಳ ಸಹಾಯದಿಂದ ಉದ್ದವನ್ನು ಅಳೆಯುತ್ತಾರೆ. ಅಲ್ಲಿ ಪರೀಕ್ಷಿಸಿದ ಸಾಧನಗಳಿಂದ ಬೇರೆ ಪ್ರಯೋಗಾಲಯಗಳು ತಮ್ಮ ಸಾಧನಗಳನ್ನು ಪರೀಕ್ಷಿಸಿಕೊಳ್ಳುತ್ತವೆ. ಆ ಪ್ರಯೋಗಾಲಯಗಳಿಂದ ಕಾರ್ಖಾನೆಗಳು, ಕಾರ್ಖಾನೆಗಳಿಂದ ಯಂತ್ರದ ಬಿಡಿಭಾಗಗಳು. ಇದು ಒಂದು ಸರಪಳಿ. ಪ್ರತಿಯೊಂದು ಕೊಂಡಿಯೂ ತನ್ನ ಮೇಲಿನ ಕೊಂಡಿಯನ್ನು ಹಿಡಿದುಕೊಂಡಿರುತ್ತದೆ. ನಡುವೆ ಒಂದು ಕೊಂಡಿ ಬಿಟ್ಟರೆ ಅದರ ಕೆಳಗಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

ಅಂಟಿಕೊಳ್ಳುವ ಉಕ್ಕಿನ ಬಿಲ್ಲೆಗಳು

ಬೆಳಕಿನ ಅಳತೆಯನ್ನು ಕಾರ್ಖಾನೆಯ ಮೇಜಿನವರೆಗೆ ತರುವುದು ಹೇಗೆ? ಅದಕ್ಕೆ ಸ್ಲಿಪ್ ಗೇಜ್ ಎಂಬ ಉಕ್ಕಿನ ಬಿಲ್ಲೆಗಳಿವೆ. ಇವನ್ನು ಕಂಡುಹಿಡಿದವರು ಸ್ವೀಡನ್ ದೇಶದ ಕಾರ್ಲ್ ಎಡ್ವರ್ಡ್ ಯೊಹಾನ್ಸನ್. ಅವರು ಒಂದು ಬಂದೂಕು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ಕಾಲದಲ್ಲಿ ಒಂದೊಂದು ಅಳತೆಗೂ ಒಂದೊಂದು ಗೇಜು ಬೇಕಾಗುತ್ತಿತ್ತು. ಸಾವಿರ ಅಳತೆಗೆ ಸಾವಿರ ಗೇಜು! 1896ರಲ್ಲಿ ಯೊಹಾನ್ಸನ್ ಅವರಿಗೆ ಒಂದು ಉಪಾಯ ಹೊಳೆಯಿತು. ಕೆಲವೇ ಬಿಲ್ಲೆಗಳನ್ನು ಕೂಡಿಸಿ ಬೇಕಾದ ಅಳತೆಯನ್ನು ಪಡೆಯಬಹುದಲ್ಲ ಎಂದುಕೊಂಡರು.

ಅವರ 102 ಬಿಲ್ಲೆಗಳ ಪೆಟ್ಟಿಗೆಯಲ್ಲಿ ಏನೇನಿತ್ತು ನೋಡಿ:

1.01, 1.02, 1.03 ಹೀಗೆ 1.49 ಮಿ.ಮೀ.ವರೆಗೆ - 49 ಬಿಲ್ಲೆಗಳು
0.5, 1, 1.5 ಹೀಗೆ 24.5 ಮಿ.ಮೀ.ವರೆಗೆ - 49 ಬಿಲ್ಲೆಗಳು
25, 50, 75 ಮತ್ತು 100 ಮಿ.ಮೀ. - 4 ಬಿಲ್ಲೆಗಳು

28.37 ಮಿ.ಮೀ. ಬೇಕೆ? 1.37, 2 ಮತ್ತು 25 ಮಿ.ಮೀ. ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಸಾಕು. ಹೀಗೆ ಸುಮಾರು 20,000 ಬೇರೆ ಬೇರೆ ಅಳತೆಗಳನ್ನು ಪಡೆಯಬಹುದಿತ್ತು. ಕೂಡುವ ಲೆಕ್ಕ ಎಷ್ಟು ದೊಡ್ಡ ಕೆಲಸಕ್ಕೆ ಬಂತು ನೋಡಿದಿರಾ?

ಈ ಬಿಲ್ಲೆಗಳ ಮುಖ ಎಷ್ಟು ಸಮತಟ್ಟು, ಎಷ್ಟು ನುಣುಪು ಎಂದರೆ ಒಂದನ್ನು ಇನ್ನೊಂದರ ಮೇಲೆ ಒತ್ತಿ ಜಾರಿಸಿದರೆ ಗೋಂದಿಲ್ಲದೆಯೇ ಅಂಟಿಕೊಳ್ಳುತ್ತವೆ. ಆದ್ದರಿಂದ ಬಿಲ್ಲೆಗಳ ನಡುವೆ ಲೆಕ್ಕಕ್ಕೆ ಬರುವಂಥ ಸಂದು ಉಳಿಯುವುದಿಲ್ಲ. ಆದರೆ ನಡುವೆ ಒಂದು ಧೂಳಿನ ಕಣ ಸೇರಿದರೂ ಅಳತೆ ಕೆಟ್ಟಂತೆಯೇ.

ಇಬ್ಬರು ಪರೀಕ್ಷಿಸಿದರೆ ಎರಡು ಉತ್ತರ ಬರಬಹುದೆ?

ಲೇತ್ ಕೆಲಸ ಮಾಡುವವರ ಬಳಿ ಮೈಕ್ರೊಮೀಟರ್ ಎಂಬ ಸಾಧನವನ್ನು ನೀವು ನೋಡಿರಬಹುದು. ಉದ್ದದ ಅಳತೆಗೂ ಅದೇ ಹೆಸರು, ಈ ಸಾಧನಕ್ಕೂ ಅದೇ ಹೆಸರು. ಇದನ್ನು ಸ್ಕ್ರೂಗೇಜ್ ಎಂದೂ ಕರೆಯುತ್ತಾರೆ. ಕುದುರೆ ಲಾಳದ ಆಕಾರದ ಚೌಕಟ್ಟು, ಅದರ ಒಂದು ತುದಿಯಲ್ಲಿ ತಿರುಪು. ಅಳೆಯಬೇಕಾದ ವಸ್ತುವನ್ನು ನಡುವೆ ಇಟ್ಟು ತಿರುಪನ್ನು ತಿರುಗಿಸುತ್ತಾರೆ. ತಿರುಗುವ ಕೊಳವೆಗೆ ಥಿಂಬಲ್ ಎಂದು ಹೆಸರು. ಥಿಂಬಲ್ ಒಂದು ಸುತ್ತು ತಿರುಗಿದರೆ ತಿರುಪು 0.5 ಮಿ.ಮೀ. ಮುಂದೆ ಹೋಗುತ್ತದೆ. ಥಿಂಬಲ್ ಮೇಲೆ 50 ಗೆರೆಗಳಿವೆ. ಹಾಗಾಗಿ ಒಂದು ಗೆರೆ ಎಂದರೆ 0.01 ಮಿ.ಮೀ.

ಈಗ ಇಬ್ಬರು ಒಂದೇ ಮೈಕ್ರೊಮೀಟರನ್ನು ಪರೀಕ್ಷಿಸುತ್ತಾರೆ ಎಂದುಕೊಳ್ಳಿ. ಇಬ್ಬರ ಬಳಿಯೂ ಒಳ್ಳೆಯ ಸ್ಲಿಪ್ ಗೇಜುಗಳಿವೆ. ಆದರೂ ಉತ್ತರ ಬೇರೆ ಬೇರೆ ಬರಬಹುದು. ಏಕೆ?

ಮೊದಲನೆಯ ಕಾರಣ ಶಾಖ. ಬಿಸಿಯಾದರೆ ಉಕ್ಕು ಹಿಗ್ಗುತ್ತದೆ. ರಾಯಚೂರಿನ ಬೇಸಿಗೆಯ 40 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಒಂದು ಮೀಟರ್ ಉಕ್ಕಿನ ಪಟ್ಟಿ, 20 ಡಿಗ್ರಿಯಲ್ಲಿ ಇದ್ದುದಕ್ಕಿಂತ ಸುಮಾರು 0.23 ಮಿ.ಮೀ. ಉದ್ದವಾಗಿರುತ್ತದೆ. ಬಿಲ್ಲೆಯನ್ನು ಬರಿಗೈಯಲ್ಲಿ ಬಹಳ ಹೊತ್ತು ಹಿಡಿದರೂ ಅದು ಕೊಂಚ ಹಿಗ್ಗುತ್ತದೆ. ಅದಕ್ಕಾಗಿ 1931ರಲ್ಲಿ, ಉದ್ದದ ಅಳತೆಗಳನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಬೇಕೆಂದು ಅಂತರರಾಷ್ಟ್ರೀಯವಾಗಿ ಒಪ್ಪಲಾಯಿತು. ಪರೀಕ್ಷೆಗೆ ಮೊದಲು ಸಾಧನವನ್ನೂ ಬಿಲ್ಲೆಗಳನ್ನೂ ಅಂಥ ಕೋಣೆಯಲ್ಲಿ ಸಾಕಷ್ಟು ಹೊತ್ತು ಒಟ್ಟಿಗೆ ಇಡುತ್ತಾರೆ.

ಎರಡನೆಯದು ಒತ್ತಡ. ಒಬ್ಬರು ತಿರುಪನ್ನು ಬಿಗಿಯಾಗಿ, ಇನ್ನೊಬ್ಬರು ಹಗುರವಾಗಿ ತಿರುಗಿಸಬಹುದು. ಅದಕ್ಕೇ ಮೈಕ್ರೊಮೀಟರಿನ ತುದಿಯಲ್ಲಿ ರ್‍ಯಾಚೆಟ್ ಇರುತ್ತದೆ. ಸಾಕಷ್ಟು ಒತ್ತಡ ಬಿದ್ದೊಡನೆ ಅದು ಕಟಕಟ ಎಂದು ಸದ್ದು ಮಾಡಿ ಜಾರುತ್ತದೆ. ಯಾರು ತಿರುಗಿಸಿದರೂ ಒತ್ತಡ ಒಂದೇ.

ಮೂರನೆಯದು ಸೊನ್ನೆ. ಎರಡು ತುದಿಗಳೂ ಮುಟ್ಟಿದಾಗ ಸಾಧನ ಸರಿಯಾಗಿ 0 ತೋರಿಸುತ್ತದೆಯೇ ಎಂದು ಮೊದಲು ನೋಡಬೇಕು. ತುದಿಗಳ ಮೇಲಿನ ಜಿಡ್ಡು, ಧೂಳನ್ನು ಒರೆಸದಿದ್ದರೆ ಸೊನ್ನೆಯೇ ತಪ್ಪುತ್ತದೆ.

ನಾಲ್ಕನೆಯದು ಬಹಳ ಸ್ವಾರಸ್ಯವಾದದ್ದು. 25 ಮಿ.ಮೀ.ವರೆಗೆ ಅಳೆಯುವ ಮೈಕ್ರೊಮೀಟರನ್ನು ಯಾವ ಯಾವ ಬಿಲ್ಲೆಗಳಿಂದ ಪರೀಕ್ಷಿಸುತ್ತೀರಿ? "5, 10, 15, 20, 25" ಎಂದು ಹೇಳಿದಿರಾ? ಸುಲಭವಾದ ಸಂಖ್ಯೆಗಳು, ನಿಜ. ಆದರೆ ಜಗತ್ತಿನಾದ್ಯಂತ ಇದಕ್ಕಾಗಿ ಬಳಸುವ ಬಿಲ್ಲೆಗಳು ಇವು: 2.5, 5.1, 7.7, 10.3, 12.9, 15.0, 17.6, 20.2, 22.8 ಮತ್ತು 25.0 ಮಿ.ಮೀ. ಇಂಥ ಅಡ್ಡಾದಿಡ್ಡಿ ಸಂಖ್ಯೆಗಳೇಕೆ?

ಲೆಕ್ಕ ಮಾಡಿ ನೋಡೋಣ. ಒಂದು ಸುತ್ತಿಗೆ 0.5 ಮಿ.ಮೀ. ಆದ್ದರಿಂದ 5 ಮಿ.ಮೀ.ಗೆ ಸರಿಯಾಗಿ 10 ಸುತ್ತು, 10 ಮಿ.ಮೀ.ಗೆ 20 ಸುತ್ತು, 15ಕ್ಕೆ 30 ಸುತ್ತು. ಪ್ರತಿ ಸಲವೂ ಥಿಂಬಲ್ ಬಂದು ನಿಲ್ಲುವುದು 0 ಎಂಬ ಗೆರೆಯ ಹತ್ತಿರವೇ. ಹಾಗಾದರೆ ಥಿಂಬಲ್‌ನ ಉಳಿದ ಭಾಗವನ್ನು ನಾವು ಪರೀಕ್ಷಿಸಿದಂತೆಯೇ ಆಗಲಿಲ್ಲ! ಸುತ್ತಿನ ನಡುವೆ ಎಲ್ಲೋ ತಪ್ಪಿದ್ದರೆ ಅದು ಸಿಕ್ಕಿಬೀಳುವುದೇ ಇಲ್ಲ.

ಈಗ ಇನ್ನೊಂದು ಪಟ್ಟಿಯನ್ನು ನೋಡಿ:

2.5 ಮಿ.ಮೀ. - 5 ಸುತ್ತು, ಥಿಂಬಲ್ 0 ಗೆರೆಯಲ್ಲಿ
5.1 ಮಿ.ಮೀ. - 10 ಸುತ್ತು ಮತ್ತು 10 ಗೆರೆ
7.7 ಮಿ.ಮೀ. - 15 ಸುತ್ತು ಮತ್ತು 20 ಗೆರೆ
10.3 ಮಿ.ಮೀ. - 20 ಸುತ್ತು ಮತ್ತು 30 ಗೆರೆ
12.9 ಮಿ.ಮೀ. - 25 ಸುತ್ತು ಮತ್ತು 40 ಗೆರೆ
15.0 ಮಿ.ಮೀ. - 30 ಸುತ್ತು, ಮತ್ತೆ 0 ಗೆರೆಯಲ್ಲಿ

ಪ್ರತಿ ಸಲವೂ ಥಿಂಬಲ್ ಬೇರೆ ಗೆರೆಯಲ್ಲಿ ನಿಲ್ಲುತ್ತದೆ. ತಿರುಪಿನ ಉದ್ದವೂ ಪರೀಕ್ಷೆಯಾಗುತ್ತದೆ, ಥಿಂಬಲ್‌ನ ಸುತ್ತೂ ಪರೀಕ್ಷೆಯಾಗುತ್ತದೆ. ಒಂದು ಮೈಕ್ರೊಮೀಟರ್ 5, 10, 15ರಲ್ಲಿ ಸರಿಯಾಗಿ ತೋರಿಸಿ, 12.9 ಮಿ.ಮೀ. ಬಿಲ್ಲೆಗೆ ಮಾತ್ರ 12.91 ಎಂದು ತೋರಿಸಬಹುದು. ಸುಲಭದ ಸಂಖ್ಯೆಗಳನ್ನು ಹಿಡಿದವರು "ಸಾಧನ ಸರಿಯಿದೆ" ಎನ್ನುತ್ತಾರೆ. ಪದ್ಧತಿಯಂತೆ ನೋಡಿದವರು "ಇಲ್ಲಿ 0.01 ಮಿ.ಮೀ. ಹೆಚ್ಚು ತೋರಿಸುತ್ತದೆ" ಎನ್ನುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ವ್ಯತ್ಯಾಸ ಇರುವುದು ಅವರು ಹಿಡಿದ ದಾರಿಯಲ್ಲಿ.

ಆದ್ದರಿಂದ ಒಳ್ಳೆಯ ಬಿಲ್ಲೆಗಳಿದ್ದರೆ ಸಾಲದು. ಎಲ್ಲರೂ ಒಪ್ಪಿದ, ಬರೆದಿಟ್ಟ ವಿಧಾನವೂ ಬೇಕು.

ಒಪ್ಪಿತ ವಿಧಾನ ಎಲ್ಲಿ ಸಿಗುತ್ತದೆ?

ಹಾಗಾದರೆ ಈ ವಿಧಾನಗಳನ್ನು ಬರೆದವರು ಯಾರು? ಬೇಕಾದವರು ಎಲ್ಲಿ ಹುಡುಕಬೇಕು?

ಕುಕ್ಕರ್, ಹೆಲ್ಮೆಟ್ಟುಗಳ ಮೇಲೆ ಐಎಸ್‌ಐ ಗುರುತನ್ನು ನೀವು ನೋಡಿದ್ದೀರಿ. ಭಾರತೀಯ ಮಾನಕ ಸಂಸ್ಥೆ 1947ರಲ್ಲಿ ಪ್ರಾರಂಭವಾಯಿತು. 1987ರಿಂದ ಆ ಕೆಲಸವನ್ನು ಭಾರತೀಯ ಮಾನಕ ಬ್ಯೂರೊ ಮಾಡುತ್ತಿದೆ. ವಸ್ತುಗಳು ಹೇಗಿರಬೇಕು ಎಂಬುದಷ್ಟೇ ಅಲ್ಲ, ಅವನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನೂ ಅದು ಮಾನಕಗಳಾಗಿ ಪ್ರಕಟಿಸುತ್ತದೆ. ತಜ್ಞರು, ತಯಾರಕರು, ಬಳಸುವವರು ಎಲ್ಲರೂ ಕೂತು ಚರ್ಚಿಸಿ ಇವನ್ನು ರೂಪಿಸುತ್ತಾರೆ.

ಹಲವು ದೇಶಗಳಿಗೆ ಸೇರಿ ಇಂಥದೇ ಕೆಲಸ ಮಾಡುವ ಸಂಸ್ಥೆ ಐಎಸ್‌ಒ. ಇದರ ಕಚೇರಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದೆ. ಐಎಸ್‌ಒ 3650 ಎಂಬ ಮಾನಕ ಸ್ಲಿಪ್ ಗೇಜುಗಳ ಬಗ್ಗೆ, ಐಎಸ್‌ಒ 3611 ಮೈಕ್ರೊಮೀಟರುಗಳ ಬಗ್ಗೆ ಹೇಳುತ್ತದೆ. ವರ್ನಿಯರ್ ಕ್ಯಾಲಿಪರ್ಸ್ ಮುಂತಾದವುಗಳಿಗೂ ಬೇರೆ ಮಾನಕಗಳಿವೆ.

ವಿಧಾನ ಪುಸ್ತಕದಲ್ಲಿದ್ದರೆ ಆಯಿತೆ? ಅದರಂತೆ ಕೆಲಸ ನಡೆಯುತ್ತಿದೆಯೇ ಎಂದು ನೋಡುವವರೂ ಬೇಕು. ಭಾರತದಲ್ಲಿ ಆ ಕೆಲಸ ಎನ್‌ಎಬಿಎಲ್ ಎಂಬ ಮಾನ್ಯತಾ ಮಂಡಳಿಯದು. ಅದರ ಪರೀಕ್ಷಕರು ಪ್ರಯೋಗಾಲಯಕ್ಕೆ ಹೋಗುತ್ತಾರೆ. ಕೋಣೆಯ ಉಷ್ಣತೆ, ಸಾಧನಗಳು, ಕೆಲಸಗಾರರ ತಿಳುವಳಿಕೆ, ದಾಖಲೆಗಳು ಎಲ್ಲವನ್ನೂ ನೋಡುತ್ತಾರೆ. ಸರಿಯಿದ್ದರೆ ಮಾತ್ರ ಮಾನ್ಯತೆ. ಅದೂ ಎಲ್ಲ ಕೆಲಸಕ್ಕಲ್ಲ, ಯಾವ ಸಾಧನವನ್ನು, ಎಷ್ಟು ಅಳತೆಯವರೆಗೆ, ಯಾವ ವಿಧಾನದಿಂದ ಪರೀಕ್ಷಿಸಬಹುದು ಎಂದು ಪಟ್ಟಿ ಮಾಡಿ ಕೊಡುತ್ತಾರೆ. ಮೈಕ್ರೊಮೀಟರಿಗೆ ಮಾನ್ಯತೆ ಪಡೆದವರು ತಕ್ಕಡಿಗೂ ಮಾನ್ಯತೆ ಪಡೆದಿದ್ದಾರೆ ಎಂದೇನಿಲ್ಲ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆಯುತ್ತದೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಯಂತ್ರ ತಯಾರಿಕೆಯ ಸಂಶೋಧನೆಗಾಗಿ 1962ರಲ್ಲಿ ಒಂದು ಕೇಂದ್ರೀಯ ಸಂಸ್ಥೆ ಪ್ರಾರಂಭವಾಯಿತು. ಸಿಎಂಟಿಐ ಎಂದು ಅದರ ಹೆಸರು. ಅಲ್ಲಿ ಸೂಕ್ಷ್ಮ ಅಳತೆಯ ಪ್ರಯೋಗಾಲಯವಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಉಲ್ಲೇಖ ಮಾನಕ ಪ್ರಯೋಗಾಲಯವಿದೆ.

ಒಂದು ವಿಧಾನ ಒಪ್ಪಿತವೇ ಎಂದು ತಿಳಿಯಲು ನಾಲ್ಕು ಪ್ರಶ್ನೆ ಕೇಳಿದರೆ ಸಾಕು:

1. ಇದನ್ನು ಪ್ರಕಟಿಸಿದವರು ಯಾರು? "ಯಾರೋ ಹೇಳಿದರು" ಎಂಬುದು ಉತ್ತರವಲ್ಲ.
2. ಇದರ ಸಂಖ್ಯೆ ಮತ್ತು ವರ್ಷ ಯಾವುದು? ಮಾನಕಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಹಳೆಯದನ್ನು ಹಿಂತೆಗೆದುಕೊಂಡಿರಬಹುದು.
3. ಇದು ಈ ಸಾಧನಕ್ಕೇ ಇರುವ ವಿಧಾನವೇ? ವರ್ನಿಯರ್‌ನ ವಿಧಾನ ಮೈಕ್ರೊಮೀಟರಿಗೆ ಹೊಂದದು.
4. ಇದರಂತೆ ಬೇರೆಯವರು ಮಾಡಿದರೂ ಅದೇ ಉತ್ತರ ಬರುತ್ತದೆಯೇ?

ಕೆಲವು ವಿಶೇಷ ಸಾಧನಗಳಿಗೆ ಪ್ರಕಟವಾದ ವಿಧಾನ ಇರುವುದಿಲ್ಲ. ಆಗ ಪ್ರಯೋಗಾಲಯದವರೇ ವಿಧಾನವನ್ನು ಬರೆಯಬಹುದು. ಆದರೆ ಅದು ಸರಿಯೆಂದು ಪರೀಕ್ಷೆಗಳಿಂದ ತೋರಿಸಿಕೊಡಬೇಕು.

ಪರೀಕ್ಷೆ ಮುಗಿದ ಮೇಲೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಸಾಧನದ ಸಂಖ್ಯೆ, ದಿನಾಂಕ, ಕೋಣೆಯ ಉಷ್ಣತೆ, ಯಾವ ವಿಧಾನ, ಯಾವ ಬಿಲ್ಲೆಗೆ ಎಷ್ಟು ತೋರಿಸಿತು ಎಂಬುದೆಲ್ಲ ಇರುತ್ತದೆ. ಅದರ ಜೊತೆಗೆ ಅನಿಶ್ಚಿತತೆ ಎಂಬ ಒಂದು ಸಂಖ್ಯೆಯೂ ಇರುತ್ತದೆ. "ನಮ್ಮ ಈ ಅಳತೆಯೇ ಇಷ್ಟು ಹೆಚ್ಚು ಕಡಿಮೆ ಇರಬಹುದು" ಎಂದು ಪರೀಕ್ಷಕರು ತಾವೇ ಹೇಳುವ ಸಂಖ್ಯೆ ಅದು. ಯಾವ ಅಳತೆಯೂ ಪೂರ್ಣ ನಿಖರವಲ್ಲ. ಎಷ್ಟರ ಮಟ್ಟಿಗೆ ನಂಬಬಹುದು ಎಂದು ಹೇಳುವುದೇ ವಿಜ್ಞಾನದ ರೀತಿ.

ಬಟ್ಟೆ ಅಂಗಡಿಯಲ್ಲಿ ಗಮನಿಸಿ

ಮುಂದಿನ ಸಲ ಬಟ್ಟೆ ಅಂಗಡಿಗೆ ಹೋದಾಗ ಅಲ್ಲಿನ ಲೋಹದ ಮೀಟರ್ ಪಟ್ಟಿಯನ್ನು ಗಮನಿಸಿ. ಅದರ ಮೇಲೆ ಇಲಾಖೆಯ ಮುದ್ರೆ ಇರಬೇಕು. ವ್ಯಾಪಾರದ ಅಳತೆ ಮತ್ತು ತೂಕಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಇದಕ್ಕಾಗಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವಿದೆ. ಮೀಟರ್ ಪಟ್ಟಿ ಒಂದು ಸೆಂ.ಮೀ. ಗಿಡ್ಡವಿದ್ದರೆ ಹತ್ತು ಮೀಟರ್ ಬಟ್ಟೆ ಕೊಂಡವರಿಗೆ ಹತ್ತು ಸೆಂ.ಮೀ. ನಷ್ಟ. ಆ ಪುಟ್ಟ ಮುದ್ರೆ ಕೊಳ್ಳುವವರನ್ನೂ ಕಾಪಾಡುತ್ತದೆ, ಪ್ರಾಮಾಣಿಕ ವ್ಯಾಪಾರಿಯನ್ನೂ ಕಾಪಾಡುತ್ತದೆ.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಶಾಲೆಯಲ್ಲಿರುವ ಒಂದು ಉಕ್ಕಿನ ಸ್ಕೇಲು, ನಿಮ್ಮ ತರಗತಿಯ ಹತ್ತು ಪ್ಲಾಸ್ಟಿಕ್ ಸ್ಕೇಲುಗಳು, ಒಂದು ಭೂತಗನ್ನಡಿ, ಹಾಳೆ, ಪೆನ್ಸಿಲ್.

1. ಎರಡು ಗುಂಪುಗಳಾಗಿ. ಪ್ರತಿ ಸ್ಕೇಲಿಗೂ ಒಂದೊಂದು ಸಂಖ್ಯೆ ಕೊಡಿ.
2. ಎಲ್ಲ ಸ್ಕೇಲುಗಳನ್ನೂ ಒರೆಸಿ, ನೆರಳಿನಲ್ಲಿ ಅರ್ಧ ಗಂಟೆ ಒಟ್ಟಿಗೆ ಇಡಿ.
3. ಪ್ಲಾಸ್ಟಿಕ್ ಸ್ಕೇಲನ್ನು ಉಕ್ಕಿನ ಸ್ಕೇಲಿಗೆ ತಾಗಿಸಿ ಇಡಿ. ಅಂಚಿಗೆ ಅಂಚನ್ನಲ್ಲ, 0 ಗೆರೆಗೆ 0 ಗೆರೆಯನ್ನು ಹೊಂದಿಸಿ.
4. ಕಣ್ಣನ್ನು ಗೆರೆಯ ನೇರ ಮೇಲೆ ಇಟ್ಟು ಭೂತಗನ್ನಡಿಯಿಂದ ನೋಡಿ. ಓರೆಯಾಗಿ ನೋಡಿದರೆ ಗೆರೆ ಸರಿದಂತೆ ಕಾಣುತ್ತದೆ.
5. 3, 7, 11 ಮತ್ತು 15 ಸೆಂ.ಮೀ. ಗೆರೆಗಳಲ್ಲಿ ವ್ಯತ್ಯಾಸ ಎಷ್ಟೆಂದು ಬರೆಯಿರಿ. ಪ್ರತಿಯೊಂದನ್ನೂ ಮೂರು ಸಲ ನೋಡಿ.
6. ಮೊದಲ ಗುಂಪು ತಾನು ಮಾಡಿದ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಎರಡನೆಯ ಗುಂಪಿಗೆ ಕೊಡಲಿ. ಬಾಯಲ್ಲಿ ಏನೂ ಹೇಳಬಾರದು. ಎರಡನೆಯ ಗುಂಪು ಹಾಳೆಯಲ್ಲಿ ಇರುವಷ್ಟನ್ನೇ ಮಾಡಲಿ.

ಎರಡೂ ಗುಂಪುಗಳ ಉತ್ತರ ಒಂದೇ ಬಂತೆ? ಬರದಿದ್ದರೆ ಜಗಳವಾಡಬೇಡಿ. ಹಾಳೆಯಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಎಂದು ಹುಡುಕಿ. ಅದನ್ನು ಸೇರಿಸಿ ಮತ್ತೆ ಮಾಡಿ. ದೊಡ್ಡ ದೊಡ್ಡ ಮಾನಕಗಳೂ ಹೀಗೆಯೇ ತಿದ್ದುಪಡಿಯಾಗುತ್ತಾ ಬೆಳೆದಿವೆ.

ಯೋಚಿಸಿ, ಉತ್ತರಿಸಿ

1. ಯೊಹಾನ್ಸನ್ ಅವರ ಪೆಟ್ಟಿಗೆಯಿಂದ ಮೂರೇ ಬಿಲ್ಲೆ ಬಳಸಿ 41.56 ಮಿ.ಮೀ. ಅಳತೆ ಪಡೆಯಿರಿ.
2. 20.2 ಮಿ.ಮೀ. ಬಿಲ್ಲೆಯನ್ನು ಅಳೆಯುವಾಗ ಥಿಂಬಲ್ ಎಷ್ಟು ಸುತ್ತು ತಿರುಗಿರುತ್ತದೆ? ಯಾವ ಗೆರೆಯಲ್ಲಿ ನಿಂತಿರುತ್ತದೆ?
3. ಹಬಲ್ ಕನ್ನಡಿಯನ್ನು ತಯಾರಿಸುವಾಗ ಬೇರೆ ಎರಡು ಪರೀಕ್ಷೆಗಳು ತಪ್ಪನ್ನು ತೋರಿಸಿದ್ದವು. ಆ ತಂಡದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ತರಗತಿಯಲ್ಲಿ ಚರ್ಚಿಸಿ.

ಉತ್ತರ: (1) 1.06, 15.5 ಮತ್ತು 25 ಮಿ.ಮೀ. (2) 40 ಸುತ್ತು, 20ನೆಯ ಗೆರೆ. (3) ಇದರ ಉತ್ತರ ನಿಮ್ಮದೇ.